ಬೆಳ್ಳಿಯ ಪಾದರಕ್ಷೆ, ಹಸಿರು ಕನ್ನಡಕ: ಓಜ್ ದೇಶಕ್ಕೆ ಎರಡನೆಯ ಪಯಣ



ಯಾರು ಬರೆದರು? ಯಾವಾಗ ಬರೆದರು? ಯಾರಿಗಾಗಿ ಬರೆದರು? ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ ಮೊದಲು ಈ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ತರಗತಿಯಲ್ಲಿ ನಾನು ಪದೇಪದೇ ಹೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶಾಸನವಿರಲಿ, ಪ್ರವಾಸಿಯ ಬರವಣಿಗೆಯಿರಲಿ, ಸರ್ಕಾರಿ ವರದಿಯಿರಲಿ, ಈ ಮೂರಕ್ಕೆ ಉತ್ತರ ದೊರೆತ ಮೇಲೆಯೇ ಅದರೊಳಗಿನ ಮಾತಿಗೆ ಬೆಲೆ ಕಟ್ಟಬೇಕು. ಆದರೆ ಬಾಲ್ಯದಲ್ಲಿ ಮೆಚ್ಚಿದ ಕಥೆಪುಸ್ತಕಕ್ಕೆ ಈ ಪ್ರಶ್ನೆಗಳನ್ನು ಹಾಕಲು ಯಾರಿಗೂ ಮನಸ್ಸು ಬಾರದು. ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟಿನ ಉಂಡೆಯನ್ನು ತಕ್ಕಡಿಯಲ್ಲಿಟ್ಟು ತೂಗುವವರುಂಟೆ? ಅಂಥ ಒಂದು ಪುಸ್ತಕವನ್ನು ಸುಮಾರು ಐವತ್ತೈದು ವರ್ಷಗಳ ಅನಂತರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅವಕಾಶ ಈಚೆಗೆ ಒದಗಿತು. ಹಳೆಯ ಅಭ್ಯಾಸದಂತೆ ಆ ಮೂರು ಪ್ರಶ್ನೆಗಳೂ ತಾವಾಗಿಯೇ ಎದ್ದು ನಿಂತವು. ಅವುಗಳಿಗೆ ದೊರೆತ ಉತ್ತರಗಳನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪುಸ್ತಕದ ಹೆಸರು 'ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಜ್', ಎಂದರೆ ಓಜ್ ದೇಶದ ಅದ್ಭುತ ಮಾಂತ್ರಿಕ. ಬರೆದವರು ಅಮೆರಿಕದ ಲೈಮನ್ ಫ್ರಾಂಕ್ ಬಾಮ್, ಚಿತ್ರ ಬರೆದವರು ಡಬ್ಲ್ಯೂ. ಡಬ್ಲ್ಯೂ. ಡೆನ್ಸ್‌ಲೋ. 1900ರಲ್ಲಿ ಷಿಕಾಗೋ ನಗರದಲ್ಲಿ ಪ್ರಕಟವಾಯಿತು. ನಮ್ಮ ಮನೆಗೆ ಬಂದದ್ದು ಅದರ ಸಂಕ್ಷಿಪ್ತ ಆವೃತ್ತಿ. ಕೋಲಾರದ ಚಿನ್ನದ ಗಣಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವನವರು, ಸ್ವದೇಶಕ್ಕೆ ಹಿಂದಿರುಗಿದ ಇಂಗ್ಲಿಷ್ ಕುಟುಂಬವೊಂದು ಬಿಟ್ಟುಹೋದ ಸಾಮಾನುಗಳ ನಡುವಿನಿಂದ ಅದನ್ನು ಕೊಂಡು ತಂದಿದ್ದರು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಸುತ್ತ ಕುಳಿತರೆ, ಅವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿ, ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳುತ್ತಿದ್ದರು. ಚಿನ್ನವನ್ನು ತೂಗುವ ಔನ್ಸ್ ಎಂಬ ಮಾನಕ್ಕೆ 'ಓ ಜಡ್' ಎಂಬ ಎರಡಕ್ಷರದ ಸಂಕೇತ ಅವರ ಕಚೇರಿಯ ಕಾಗದಗಳಲ್ಲಿ ಇರುತ್ತಿತ್ತು. ಆ ದೇಶದ ಹೆಸರೂ ಅದೇ ಎರಡಕ್ಷರವಾದುದರಿಂದ ನಮಗೆ ಅದು ತೀರ ಪರದೇಶವೆನಿಸಲೇ ಇಲ್ಲ.

ಕಥೆ ತಿಳಿಯದವರಿಗಾಗಿ ಸಂಗ್ರಹವಾಗಿ ಹೇಳುವೆ. ಕಾನ್ಸಾಸ್ ಪ್ರಾಂತದ ಬಯಲಿನಲ್ಲಿ ಚಿಕ್ಕಪ್ಪ ಹೆನ್ರಿ, ಚಿಕ್ಕಮ್ಮ ಎಮ್ ಇವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಡೊರೊತಿ ಎಂಬ ಅನಾಥ ಬಾಲಕಿ, ಟೋಟೋ ಎಂಬ ನಾಯಿಯೊಡನೆ, ಸುಂಟರಗಾಳಿಗೆ ಸಿಕ್ಕಿ ಮನೆಸಮೇತ ಹಾರಿ ಓಜ್ ದೇಶದಲ್ಲಿ ಇಳಿಯುತ್ತಾಳೆ. ಮನೆ ಬಿದ್ದ ರಭಸಕ್ಕೆ ಪೂರ್ವದಿಕ್ಕಿನ ದುಷ್ಟ ಮಾಟಗಾತಿ ಸಾಯುತ್ತಾಳೆ. ಅವಳ ಬೆಳ್ಳಿಯ ಪಾದರಕ್ಷೆಗಳು ಡೊರೊತಿಯವಾಗುತ್ತವೆ. ಮನೆಗೆ ಮರಳುವ ಉಪಾಯವನ್ನು ಪಚ್ಚೆಯ ನಗರಿಯಲ್ಲಿರುವ ಮಹಾಮಾಂತ್ರಿಕನೇ ಹೇಳಬೇಕೆಂದು ತಿಳಿದು, ಹಳದಿ ಇಟ್ಟಿಗೆಯ ದಾರಿ ಹಿಡಿದು ಹೊರಡುತ್ತಾಳೆ. ದಾರಿಯಲ್ಲಿ ಮೂವರು ಜೊತೆಯಾಗುತ್ತಾರೆ. ಬೆದರುಬೊಂಬೆಗೆ ಬುದ್ಧಿ ಬೇಕು; ತಗಡಿನ ಮೈಯ ಮರಕಡಿಯುವವನಿಗೆ ಹೃದಯ ಬೇಕು; ಪುಕ್ಕಲು ಸಿಂಹಕ್ಕೆ ಧೈರ್ಯ ಬೇಕು. ಕೊನೆಗೆ ನೋಡಿದರೆ ಮಹಾಮಾಂತ್ರಿಕನು ಮಾಂತ್ರಿಕನೇ ಅಲ್ಲ. ಬಲೂನಿನಲ್ಲಿ ಹಾರಿ ದಿಕ್ಕುತಪ್ಪಿ ಬಂದ, ಒಮಾಹಾ ಊರಿನ ಒಬ್ಬ ಸಾಮಾನ್ಯ ಆಟಗಾರ. ಊರಿಗೆ ಮರಳುವ ಶಕ್ತಿಯಾದರೋ ಮೊದಲ ದಿನದಿಂದಲೂ ಡೊರೊತಿಯ ಕಾಲಿನ ಪಾದರಕ್ಷೆಗಳಲ್ಲೇ ಇತ್ತು.

ಬಾಲ್ಯದಲ್ಲಿ ನಮ್ಮನ್ನು ಹಿಡಿದಿಟ್ಟದ್ದು ರೆಕ್ಕೆಯ ಕೋತಿಗಳು, ನೀರು ತಗುಲಿದೊಡನೆ ಬೆಲ್ಲದಂತೆ ಕರಗಿಹೋಗುವ ಮಾಟಗಾತಿ. ಪೂರ್ಣ ಪಾಠವನ್ನು ಓದುವಾಗ ಕಣ್ಣಿಗೆ ಬಿದ್ದವು ಬೇರೆಯೇ ಸಂಗತಿಗಳು. ಮೊದಲನೆಯದು ಕಾನ್ಸಾಸಿನ ವರ್ಣನೆ. ನೆಲ ಬೂದುಬಣ್ಣ, ಹುಲ್ಲು ಬೂದುಬಣ್ಣ, ಬಿಸಿಲಿಗೆ ಬಣ್ಣ ಕಳೆದುಕೊಂಡ ಮನೆಯೂ ಬೂದುಬಣ್ಣ, ದುಡಿದು ದಣಿದ ದಂಪತಿಗಳ ಮುಖವೂ ಬೂದುಬಣ್ಣ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಬಯಲುಸೀಮೆಯ ಹೊಲಗಳನ್ನು ಕಂಡವರಿಗೆ ಇದು ಕಲ್ಪನೆಯೆನಿಸದು. ಎರಡನೆಯದು ಪಚ್ಚೆಯ ನಗರಿಯ ಗುಟ್ಟು. ನಗರಿಯನ್ನು ಹೊಗುವ ಪ್ರತಿಯೊಬ್ಬರಿಗೂ ಹಸಿರು ಕನ್ನಡಕ ತೊಡಿಸಿ, ಹಿಂದಿನಿಂದ ಬೀಗ ಹಾಕುತ್ತಾರೆ. ಊರು ಹಸಿರಾಗಿ ಕಾಣುವುದು ಆ ಕನ್ನಡಕದ ಪ್ರಭಾವದಿಂದ. ತೊಟ್ಟು ಬಹುಕಾಲವಾದುದರಿಂದ ಅಲ್ಲಿನ ಹೆಚ್ಚಿನ ಜನರು ತಮ್ಮ ಊರು ನಿಜವಾಗಿಯೂ ಹಸಿರೆಂದೇ ನಂಬಿಬಿಟ್ಟಿದ್ದಾರೆ! 1939ರ ಪ್ರಸಿದ್ಧ ಚಲನಚಿತ್ರದಲ್ಲಿ ಈ ಕನ್ನಡಕಗಳು ಇಲ್ಲ. ಬೆಳ್ಳಿಯ ಪಾದರಕ್ಷೆಗಳೂ ಇಲ್ಲ. ವರ್ಣಚಿತ್ರದಲ್ಲಿ ಎದ್ದುಕಾಣಲೆಂದು ಅವುಗಳನ್ನು ಮಾಣಿಕ್ಯದ ಕೆಂಪಿಗೆ ಬದಲಿಸಲಾಯಿತು. ಈ ಬೆಳ್ಳಿಯೇ ಮುಂದೆ ದೊಡ್ಡ ಚರ್ಚೆಗೆ ಕಾರಣವಾಯಿತು.

ಈಗ 'ಯಾವಾಗ ಬರೆದರು' ಎಂಬ ಪ್ರಶ್ನೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ ಅಮೆರಿಕದ ರೈತರಿಗೆ ಬಹು ಕಷ್ಟದ ಕಾಲ. 1873ರ ನಾಣ್ಯ ಕಾಯಿದೆಯಿಂದ ಅಲ್ಲಿ ಬೆಳ್ಳಿಯ ಡಾಲರನ್ನು ಮುಕ್ತವಾಗಿ ಟಂಕಿಸುವ ಪದ್ಧತಿ ನಿಂತು, ಹಣವು ಕ್ರಮೇಣ ಚಿನ್ನಕ್ಕೆ ಕಟ್ಟುಬಿದ್ದಿತು. ಚಿನ್ನದ ಪ್ರಮಾಣ ಸೀಮಿತವಾದುದರಿಂದ ಹಣ ಬಿಗಿಯಾಯಿತು, ಬೆಳೆಯ ಬೆಲೆ ಕುಸಿಯಿತು. ಒಂದು ಉದಾಹರಣೆ ನೋಡಿ. ಗೋಧಿಯ ಮೂಟೆಗೆ ಒಂದು ಡಾಲರ್ ಇದ್ದಾಗ ರೈತ ನೂರು ಡಾಲರ್ ಸಾಲ ಮಾಡಿದನೆನ್ನಿ. ತೀರಿಸಲು ನೂರು ಮೂಟೆ ಸಾಕು. ಬೆಲೆ ಅರ್ಧ ಡಾಲರಿಗೆ ಇಳಿದರೆ ಅದೇ ಸಾಲಕ್ಕೆ ಇನ್ನೂರು ಮೂಟೆ ತೆರಬೇಕು. ಸಾಲ ಬೆಳೆಯಲಿಲ್ಲ, ಆದರೆ ಸಾಲಗಾರನ ಹೊರೆ ಇಮ್ಮಡಿಯಾಯಿತು. ಆದುದರಿಂದಲೇ ಹದಿನಾರು ತೂಕ ಬೆಳ್ಳಿಗೆ ಒಂದು ತೂಕ ಚಿನ್ನ ಎಂಬ ಪ್ರಮಾಣದಲ್ಲಿ ಬೆಳ್ಳಿಯನ್ನೂ ಮುಕ್ತವಾಗಿ ನಾಣ್ಯವಾಗಿಸಬೇಕೆಂದು ಪಾಪ್ಯುಲಿಸ್ಟ್ ಪಕ್ಷವೂ ರೈತಸಂಘಗಳೂ ಹೋರಾಡಿದವು. 1896ರ ಜುಲೈ 9ರಂದು ಷಿಕಾಗೋ ಅಧಿವೇಶನದಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಬೆಳ್ಳಿಯ ಪರವಾಗಿ ಮಾಡಿದ ಭಾಷಣ ಇತಿಹಾಸಪ್ರಸಿದ್ಧ. ಆದರೆ ಆ ವರ್ಷದ ಚುನಾವಣೆಯಲ್ಲಿ ಆತ ಮೆಕಿನ್ಲೆಗೆ ಸೋತನು. 1900ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಸುವರ್ಣ ಪ್ರಮಾಣವನ್ನು ಕಾಯಿದೆಯಾಗಿಯೇ ಅಂಗೀಕರಿಸಿತು. ಬಾಮ್‌ರ ಪುಸ್ತಕ ಹೊರಬಂದದ್ದೂ ಅದೇ ವರ್ಷ.

ಇದು ಎಲ್ಲಿಯದೋ ಸಂಗತಿಯೆಂದು ಭಾವಿಸಬೇಡಿ. ಬೆಳ್ಳಿಯ ಈ ಕುಸಿತ ನಮ್ಮ ದೇಶವನ್ನೂ ಬಿಡಲಿಲ್ಲ. ನಮ್ಮ ರೂಪಾಯಿ ಬೆಳ್ಳಿಯದು. 1870ರ ದಶಕದ ಆರಂಭದಲ್ಲಿ ಸುಮಾರು ಎರಡು ಷಿಲಿಂಗ್ ಬಾಳುತ್ತಿದ್ದ ರೂಪಾಯಿ, 1892-93ರ ವೇಳೆಗೆ ಸುಮಾರು ಒಂದೂಕಾಲು ಷಿಲಿಂಗಿಗೆ ಇಳಿದಿತ್ತು. ಭಾರತ ಸರ್ಕಾರವು ಇಂಗ್ಲೆಂಡಿಗೆ 'ಹೋಂ ಚಾರ್ಜಸ್' ಎಂಬ ವಾರ್ಷಿಕ ವೆಚ್ಚವನ್ನು ಪೌಂಡಿನಲ್ಲಿ ತೆರಬೇಕಾಗಿದ್ದುದರಿಂದ, ರೂಪಾಯಿ ಇಳಿದಷ್ಟೂ ಅದಕ್ಕಾಗಿ ಇಲ್ಲಿ ಸಂಗ್ರಹಿಸಬೇಕಾದ ರೂಪಾಯಿಗಳ ಸಂಖ್ಯೆ ಏರುತ್ತಿತ್ತು. 1893ರ ಜೂನ್ 26ರಂದು ಭಾರತದ ಟಂಕಸಾಲೆಗಳು ಜನರ ಬೆಳ್ಳಿಯನ್ನು ಮುಕ್ತವಾಗಿ ನಾಣ್ಯವಾಗಿಸಿಕೊಡುವುದನ್ನು ನಿಲ್ಲಿಸಿದವು. ಆ ಸುದ್ದಿಗೆ ಲೋಕದ ಪೇಟೆಯಲ್ಲಿ ಬೆಳ್ಳಿಯ ಧಾರಣೆ ಮತ್ತಷ್ಟು ಮುಗ್ಗರಿಸಿತು. ಅದೇ ವರ್ಷ ಅಮೆರಿಕದಲ್ಲಿ ಆರ್ಥಿಕ ಕೋಲಾಹಲವೆದ್ದಿತ್ತು. ಸರ್ಕಾರ ಬೆಳ್ಳಿ ಕೊಳ್ಳುವುದಕ್ಕಿದ್ದ ಕಾಯಿದೆಯನ್ನು ಅಲ್ಲಿ ನವೆಂಬರಿನಲ್ಲಿ ರದ್ದುಗೊಳಿಸಲಾಯಿತು. ಇನ್ನು ನಮ್ಮ ಕೋಲಾರದ ಮಾತು: 1880ರಲ್ಲಿ ಜಾನ್ ಟೇಲರ್ ಕಂಪನಿಯು ಕಾಲಿಟ್ಟ ಮೇಲೆ ಗಣಿಗಳು ಆಳಕ್ಕಿಳಿದವು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು. ಅಲ್ಲಿಯ ಚಿನ್ನ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಲೋಕವೆಲ್ಲ ಚಿನ್ನಕ್ಕೆ ಕಟ್ಟುಬಿದ್ದಿದ್ದ ಕಾಲದಲ್ಲಿ ಆ ಚಿನ್ನದ ಒಂದು ಪಾಲನ್ನು ಅಗೆದು ಕೊಟ್ಟವರು ನಮ್ಮ ಸೀಮೆಯ ಗಣಿಯಾಳುಗಳು. 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದವು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಥೆಯನ್ನು ಓದಿದರೆ ಮೈ ಝುಮ್ಮೆನ್ನುತ್ತದೆ. ಹಳದಿ ಇಟ್ಟಿಗೆಯ ದಾರಿ ಚಿನ್ನವಲ್ಲವೆ? ಅದರ ಮೇಲೆ ನಡೆಯುವ ಬೆಳ್ಳಿಯ ಪಾದರಕ್ಷೆ ರೈತರ ಬೇಡಿಕೆಯಲ್ಲವೆ? ಹೀಗೆ ಓದಿದ ಮೊದಲಿಗರಲ್ಲಿ ಪ್ರಮುಖರು ನಮ್ಮಂತೆಯೇ ಒಬ್ಬ ಪ್ರೌಢಶಾಲಾ ಶಿಕ್ಷಕರು ಎಂಬುದು ನನಗೆ ವಿಶೇಷ ಸಂತೋಷ ತಂದ ಸಂಗತಿ. ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್ ಎಂಬಲ್ಲಿ ಇತಿಹಾಸ ಬೋಧಿಸುತ್ತಿದ್ದ ಹೆನ್ರಿ ಲಿಟಲ್‌ಫೀಲ್ಡ್ 1964ರಲ್ಲಿ ವಿದ್ವತ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಬೆದರುಬೊಂಬೆಯಲ್ಲಿ ರೈತನನ್ನೂ, ತಗಡಿನ ಮನುಷ್ಯನಲ್ಲಿ ಕಾರ್ಖಾನೆಯ ಕಾರ್ಮಿಕನನ್ನೂ, ಗರ್ಜಿಸಿಯೂ ಅಂಜುವ ಸಿಂಹದಲ್ಲಿ ಬ್ರಯನ್ನನನ್ನೂ ಕಂಡರು. ದ್ವಿಲೋಹ ನಾಣ್ಯಪದ್ಧತಿ ಎಂದೊಡನೆ ಹಿಂದಿನ ಬೆಂಚಿನಲ್ಲಿ ಆಕಳಿಕೆ ಆರಂಭವಾಗುವುದು ಎಲ್ಲ ದೇಶಗಳಲ್ಲಿಯೂ ಒಂದೇ. ಆ ಆಕಳಿಕೆಯನ್ನು ಓಡಿಸಲು ಅವರು ಕಂಡುಕೊಂಡ ಉಪಾಯವಿದು. ಅನಂತರ ಅರ್ಥಶಾಸ್ತ್ರಜ್ಞರೂ ಅದನ್ನು ಕೈಗೆತ್ತಿಕೊಂಡರು. 1990ರಲ್ಲಿ ಹ್ಯೂ ರಾಕಾಫ್ ಕಥೆಯನ್ನು ಹಣಕಾಸಿನ ರೂಪಕವೆಂದೇ ವಿಸ್ತರಿಸಿದರು.

ಆದರೆ ರೂಪಕ ಚೆನ್ನಾಗಿ ಹೊಂದುತ್ತದೆ ಎಂಬುದು ಸಾಕ್ಷ್ಯವಾಗುವುದಿಲ್ಲ. ಬಾಮ್ ಪಾಪ್ಯುಲಿಸ್ಟರ ಪರವಾಗಿದ್ದರೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬದಲಾಗಿ, 1896ರ ಜುಲೈನಲ್ಲಿ ಷಿಕಾಗೋ ಪತ್ರಿಕೆಯೊಂದರಲ್ಲಿ ಮೆಕಿನ್ಲೆಯ ಪರವಾಗಿ ಅವರು ಬರೆದ ಪದ್ಯವೇ ದೊರೆತಿದೆ. ಪುಸ್ತಕದ ಮುನ್ನುಡಿಯಲ್ಲಿ ಇದು ಇಂದಿನ ಮಕ್ಕಳ ಸಂತೋಷಕ್ಕಾಗಿ ಬರೆದ ಹೊಸಬಗೆಯ ಕಥೆಯೆಂದು ಅವರೇ ತಿಳಿಸಿದ್ದಾರೆ. ನಮ್ಮ ಮೂರನೆಯ ಪ್ರಶ್ನೆಗೆ, ಎಂದರೆ 'ಯಾರಿಗಾಗಿ' ಎಂಬುದಕ್ಕೆ, ಅದೇ ನೇರವಾದ ಉತ್ತರ. ಲಿಟಲ್‌ಫೀಲ್ಡ್ ಅವರೂ 1992ರಲ್ಲಿ ಪತ್ರಿಕೆಗೆ ಪತ್ರ ಬರೆದು, ಬಾಮ್ ಪಾಪ್ಯುಲಿಸ್ಟ್ ಧೋರಣೆಯವರೆನ್ನಲು ವಾಸ್ತವಿಕ ಆಧಾರವಿಲ್ಲವೆಂದು ಬಹಿರಂಗವಾಗಿಯೇ ಒಪ್ಪಿದರು. ತನ್ನ ಹೆಸರಿಗೆ ಕೀರ್ತಿ ತಂದ ವಾದವನ್ನು ಸತ್ಯದ ಮುಂದೆ ಕೆಳಗಿಳಿಸುವುದು ಸಾಮಾನ್ಯ ಮಾತಲ್ಲ. ಆ ಶಿಕ್ಷಕರಿಗೆ ದೂರದಿಂದಲೇ ಒಂದು ನಮಸ್ಕಾರ.

ಇನ್ನು ಉಳಿದದ್ದು 'ಯಾರು ಬರೆದರು' ಎಂಬ ಮೊದಲ ಪ್ರಶ್ನೆ. ಬಾಮ್ 1856ರಲ್ಲಿ ನ್ಯೂಯಾರ್ಕ್ ರಾಜ್ಯದ ಚಿಟೆನಾಂಗೋ ಎಂಬಲ್ಲಿ ಜನಿಸಿದರು. ಕೋಳಿ ಸಾಕಿದರು, ನಾಟಕ ಆಡಿದರು, ವ್ಯಾಪಾರ ಮಾಡಿದರು. ಬಹುಕಾಲ ಯಾವುದೂ ಕೈಹಿಡಿಯಲಿಲ್ಲ. 1888ರಲ್ಲಿ ಪತ್ನಿ ಮಾಡ್ ಹಾಗೂ ಮಕ್ಕಳೊಡನೆ ಡಕೋಟಾ ಸೀಮೆಯ ಅಬರ್ಡೀನ್ ಎಂಬ ಹೊಸ ಊರಿಗೆ ಹೋಗಿ ಅಂಗಡಿ ತೆರೆದರು. ಬರಗಾಲದ ಹೊಡೆತಕ್ಕೆ ರೈತರ ಕೈ ಬರಿದಾಯಿತು, ಅಂಗಡಿಯೂ ಮುಚ್ಚಿತು. ಕಥೆಯ ಆ ಬೂದುಬಣ್ಣದ ಬಯಲಿನಲ್ಲಿ ಕಾನ್ಸಾಸಿಗಿಂತ ಅವರು ಕಣ್ಣಾರೆ ಕಂಡ ಡಕೋಟಾದ ನೆನಪು ಹೆಚ್ಚಾಗಿದೆಯೆಂದು ವಿಮರ್ಶಕರು ಹೇಳುತ್ತಾರೆ. ಅನಂತರ ಅವರು ಅದೇ ಊರಿನಲ್ಲಿ 'ಸ್ಯಾಟರ್ಡೇ ಪಯೊನೀರ್' ಎಂಬ ವಾರಪತ್ರಿಕೆಯನ್ನು ನಡೆಸಿದರು. ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಬೇಕೆಂದು 1890ರಲ್ಲಿ ಆ ಪತ್ರಿಕೆಯಲ್ಲಿ ಅವರು ದೃಢವಾಗಿ ವಾದಿಸಿದರು.

ಅದೇ ಪತ್ರಿಕೆ, ಅದೇ ಲೇಖನಿ, ಅದೇ ವರ್ಷದ ಕೊನೆ. ಡಕೋಟಾ ಸೀಮೆಯ ಮೂಲನಿವಾಸಿಗಳಾದ ಲಕೋಟಾ ಜನರ ನಾಯಕ ಸಿಟ್ಟಿಂಗ್ ಬುಲ್ ಎಂಬ ವೃದ್ಧನನ್ನು 1890ರ ಡಿಸೆಂಬರ್ 15ರಂದು ಬಂಧಿಸಲು ಹೋದ ಪೊಲೀಸರು ಗುಂಡಿಟ್ಟು ಕೊಂದರು. ಡಿಸೆಂಬರ್ 20ರ ಸಂಪಾದಕೀಯದಲ್ಲಿ ಬಾಮ್ ಏನು ಬರೆದರು ಬಲ್ಲಿರಾ? ಗೆದ್ದ ಬಿಳಿಯರೇ ಈ ಖಂಡದ ಒಡೆಯರು, ಗಡಿನಾಡಿನ ವಸತಿಗಳ ಸುರಕ್ಷತೆಗೆ ಉಳಿದ ಕೆಲವೇ ಮೂಲನಿವಾಸಿಗಳನ್ನು ಸಂಪೂರ್ಣವಾಗಿ ಅಳಿಸಿಬಿಡುವುದೇ ದಾರಿ ಎಂಬರ್ಥದ ಮಾತು. ಒಂಬತ್ತು ದಿನಗಳ ಅನಂತರ, ಡಿಸೆಂಬರ್ 29ರಂದು, ವುಂಡೆಡ್ ನೀ ಎಂಬ ತೊರೆಯ ಬಳಿ ಸೈನ್ಯವು ಲಕೋಟಾ ಜನರ ಬೀಡನ್ನು ಮುತ್ತಿ ಗುಂಡು ಹಾರಿಸಿತು. ಸತ್ತವರು ಕನಿಷ್ಠ 150, ಕೆಲವು ಲೆಕ್ಕಗಳಂತೆ 300ರಷ್ಟು. ಅವರಲ್ಲಿ ಅನೇಕರು ಹೆಂಗಸರು, ಮಕ್ಕಳು. 1891ರ ಜನವರಿ 3ರ ಸಂಚಿಕೆಯಲ್ಲಿ ಬಾಮ್ ತಮ್ಮ ಹಿಂದಿನ ಮಾತನ್ನು ನೆನಪಿಸಿ, ಅದೇ ಸಲಹೆಯನ್ನು ಪುನಃ ಬರೆದರು.

ಈ ಸಾಲುಗಳನ್ನು ಓದಿದ ಸಂಜೆ ಪುಸ್ತಕವನ್ನು ಮುಚ್ಚಿಟ್ಟೆ. ಡೊರೊತಿಯ ಹಣೆಗೆ ಮುತ್ತಿಟ್ಟು ಕಾಪಾಡುವ ಒಳ್ಳೆಯ ಮಾಟಗಾತಿಯನ್ನು ಸೃಷ್ಟಿಸಿದ ಕೈ ಇದೇ ಅಲ್ಲವೆ? ಇನ್ನೊಂದು ವಿಷಯವೂ ಮನಸ್ಸನ್ನು ಕಲಕಿತು. ಬಾಮ್‌ರ ಅತ್ತೆ ಮಟಿಲ್ಡಾ ಜೋಸ್ಲಿನ್ ಗೇಜ್ ಮಹಿಳಾ ಹಕ್ಕುಗಳ ಹೋರಾಟದ ಹಿರಿಯ ನಾಯಕಿ. ಮಾಟಗಾತಿಯರೆಂದು ಸುಡಲಾದ ಹೆಂಗಸರ ಪರವಾಗಿ ಬರೆದಾಕೆ. ಮೂಲನಿವಾಸಿಗಳ ಸಮಾಜದಲ್ಲಿ ಸ್ತ್ರೀಯರಿಗಿದ್ದ ಗೌರವವನ್ನು ಕೊಂಡಾಡಿದಾಕೆ. 1893ರಲ್ಲಿ ಮೋಹಾಕ್ ಜನರು ಅವರನ್ನು ತಮ್ಮ ಕುಲದೊಳಗೆ ಸೇರಿಸಿಕೊಂಡು ಮನ್ನಿಸಿದ್ದರು. ಮಕ್ಕಳಿಗೆ ಹೇಳುವ ಕಥೆಗಳನ್ನು ಬರೆದಿಡು ಎಂದು ಅಳಿಯನಿಗೆ ಒತ್ತಾಯಿಸಿದವರೂ ಅವರೇ. ಆದುದರಿಂದ 'ಆ ಕಾಲವೇ ಹಾಗಿತ್ತು, ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು' ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಬೇರೆ ರೀತಿಯಲ್ಲಿ ಯೋಚಿಸುವವರು ಅವರ ಕುಟುಂಬದಲ್ಲೇ ಇದ್ದರು.

ನನಗೆ ಬಹಳ ದಿನ ಕಾಡಿದ ಸಂಗತಿ ಇದು. ಬೆಳ್ಳಿಯ ಪಾದರಕ್ಷೆಯಲ್ಲಿ ಏನು ಅಡಗಿದೆ ಎಂದು ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದರು. ಆದರೆ ಆ ಎರಡು ಸಂಪಾದಕೀಯಗಳಲ್ಲಿ ಅಡಗಿದ್ದುದು ಏನೂ ಇರಲಿಲ್ಲ. ಅವು ಅಚ್ಚಾಗಿ, ಹಂಚಿಕೆಯಾಗಿ, ಎಲ್ಲರ ಕಣ್ಣೆದುರೇ ಇದ್ದವು. ಸಾಮಾನ್ಯ ಓದುಗರ ಪಾಲಿಗೆ ಮಾತ್ರ ಅವು ಬಹುಕಾಲ ಇಲ್ಲದಂತೆಯೇ ಉಳಿದವು. ನಾವು ಮೆಚ್ಚುವವರಲ್ಲಿ ಗೂಢಾರ್ಥವನ್ನು ಹುಡುಕುವುದು ಸುಲಭ. ಅವರು ನೇರವಾಗಿ ಹೇಳಿದ ಕ್ರೂರ ಮಾತನ್ನು ಓದುವುದು ಕಷ್ಟ. 2006ರಲ್ಲಿ ಬಾಮ್‌ರ ವಂಶಸ್ಥರು ಆ ಕಷ್ಟದ ಕೆಲಸ ಮಾಡಿದರು. ತಮ್ಮ ಪೂರ್ವಜನ ಆ ಬರವಣಿಗೆಗಾಗಿ ಲಕೋಟಾ ಜನರ ಕ್ಷಮೆ ಕೋರಿದರು.

ಹಾಗಾದರೆ ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬೇಕೆ? ಇದು ನನಗೆ ಬರಿಯ ವಾದದ ವಿಷಯವಾಗಿರಲಿಲ್ಲ. 2024ರಲ್ಲಿ ಬಂದ 'ವಿಕೆಡ್' ಚಲನಚಿತ್ರ ನೋಡಿ ಬಂದ ನನ್ನ ಮೊಮ್ಮಗಳು, ಒಂಬತ್ತನೆಯ ತರಗತಿಯವಳು, ಮೂಲಕಥೆ ಬೇಕೆಂದು ನನ್ನ ಬೆನ್ನುಹತ್ತಿದ್ದಳು. ಪೂರ್ಣ ಪುಸ್ತಕವನ್ನು ತರಿಸಿದ್ದೂ ಅವಳಿಗಾಗಿಯೇ. ಅವಳು ಓದಿ ಮುಗಿಸಿದ ಮೇಲೆ ಆ ಸಂಪಾದಕೀಯಗಳ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಇದನ್ನ ಮೊದಲೇ ಹೇಳಿದ್ರೆ ನಾನು ಓದ್ತಾನೇ ಇರಲಿಲ್ಲ. ಹೇಳದೇ ಇದ್ದಿದ್ರೆ ನಿಮ್ಮ ಮೇಲೆ ಕೋಪ ಬರ್ತಿತ್ತು" ಎಂದಳು. ಆಮೇಲೆ ರೆಕ್ಕೆಯ ಕೋತಿಗಳ ಅಧ್ಯಾಯವನ್ನು ತೆರೆದು ತೋರಿಸಿದಳು. ಒಂದು ಕಾಲಕ್ಕೆ ಕಾಡಿನಲ್ಲಿ ಸ್ವತಂತ್ರವಾಗಿ, ಯಾರನ್ನೂ ಒಡೆಯರೆನ್ನದೆ ಬದುಕಿದ್ದ ಆ ಕೋತಿಗಳು ಚಿನ್ನದ ಟೋಪಿಯೊಂದರ ಮಾಯೆಗೆ ಕಟ್ಟುಬಿದ್ದು ಪರರ ಅಡಿಯಾಳಾದ ಕಥೆಯದು. "ಇದನ್ನ ಬರೆಯೋವಾಗ ಅವರಿಗೆ ಏನೂ ಅನ್ನಿಸಲಿಲ್ವಾ ತಾತ?" ಎಂದು ಕೇಳಿದಳು.

ಆ ಕೋತಿಗಳಿಗೂ ಲಕೋಟಾ ಜನರಿಗೂ ಬಾಮ್ ಸಂಬಂಧ ಕಲ್ಪಿಸಿದ್ದರೆಂದು ನಾನು ಹೇಳಲಾರೆ. ಅದು ಮತ್ತೊಂದು ಆಧಾರವಿಲ್ಲದ ರೂಪಕವಾದೀತು. ಆದರೆ ಹದಿನಾಲ್ಕರ ಹುಡುಗಿಗೆ ಆ ಪ್ರಶ್ನೆ ಹುಟ್ಟಿತಲ್ಲ, ಅದು ಮುಖ್ಯ. ಕಥೆಯನ್ನು ಮುಚ್ಚಿಟ್ಟಿದ್ದರೂ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ, ಚರಿತ್ರೆಯನ್ನು ಮುಚ್ಚಿಟ್ಟಿದ್ದರೂ ಹುಟ್ಟುತ್ತಿರಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಹಸಿರಾಗಿರುವುದೆಲ್ಲ ಪಚ್ಚೆಯಲ್ಲ ಎಂದು ಓಜ್ ದೇಶದ ಕಥೆಯೂ ಹೇಳುತ್ತದೆ. ಆ ನಗರಿಯ ಜನ ಕನ್ನಡಕದ ಬೀಗವನ್ನು ತೆರೆಸಲು ಎಂದೂ ಕೇಳಲೇ ಇಲ್ಲ. ಬಾಲ್ಯದ ಪುಸ್ತಕಗಳ ಮೇಲೆ ನಮಗಿರುವ ಪ್ರೀತಿಯೂ ಅಂಥದೊಂದು ಕನ್ನಡಕವೇ. ಅದನ್ನು ತೆಗೆದು ನೋಡಿದಾಗ ಊರು ಮೊದಲಿನಷ್ಟು ಹಸಿರಾಗಿ ಕಾಣದು. ಆದರೆ ಬೆದರುಬೊಂಬೆಯ ಜಾಣತನ, ತಗಡಿನ ಮನುಷ್ಯನ ಕರುಣೆ, ಸಿಂಹದ ಧೈರ್ಯ ಇವು ಕನ್ನಡಕವಿಲ್ಲದೆಯೂ ಉಳಿಯುತ್ತವೆ. ಬರೆದವನ ತಪ್ಪೂ ಅದರ ಪಕ್ಕದಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಲು ಕಲಿಯುವುದೇ ಚರಿತ್ರೆಯ ಓದು.

ನೀವು ಎಲ್ಲೆಲ್ಲೋ ನೆಲೆಸಿದ್ದೀರಿ. ನಿಮ್ಮ ಮಕ್ಕಳು ಈಗ ಓದುವ ವಯಸ್ಸಿಗೆ ಬಂದಿದ್ದಾರೆ. ನೀವು ಮೆಚ್ಚಿದ ಪುಸ್ತಕಗಳನ್ನು ಅವರಿಗೆ ಧಾರಾಳವಾಗಿ ಕೊಡಿ. ಮೊದಲು ಕಥೆಯನ್ನು ಮನಸಾರೆ ಸವಿಯಲಿ. ಸ್ವಲ್ಪ ದೊಡ್ಡವರಾದ ಮೇಲೆ ನಮ್ಮ ಆ ಮೂರು ಪ್ರಶ್ನೆಗಳನ್ನೂ ಅವರಿಗೆ ಕಲಿಸಿಕೊಡಿ. ಎಲ್ಲರಿಗೂ ಶುಭವಾಗಲಿ.